ಖಾನಾವಳಿಯ ತಾಟಿನಲ್ಲಿ ಭೌತವಿಜ್ಞಾನ

ಊಟ ಮುಗಿಸಿ ಕೈ ತೊಳೆದು ಹೊರಗೆ ಬಂದ ಕೂಡಲೆ, ಉಂಡ ಊಟವನ್ನು ಕುರಿತು ತೀರ್ಪು ಹೇಳುವುದು ಮನುಷ್ಯನ ಹಳೆಯ ಅಭ್ಯಾಸ. "ಪಲ್ಯಕ್ಕೆ ಉಪ್ಪು ಮುಂದಾಗಿತ್ತು", "ಸಾರು ಆರಿಹೋಗಿತ್ತು", "ರೊಟ್ಟಿ ಮಾತ್ರ ಬಲು ಚೆನ್ನ" ಎಂಬ ಮಾತುಗಳು ಹುಬ್ಬಳ್ಳಿ-ಧಾರವಾಡಗಳ ಖಾನಾವಳಿಗಳ ಬಾಗಿಲಲ್ಲಿ ದಿನವೂ ಕೇಳಿಬರುತ್ತವೆ. ಹಿಂದೆ ಇಂಥ ಮಾತು ಹುಟ್ಟಿದ ಜಾಗದಲ್ಲಿಯೇ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಈಗ ಹಾಗಲ್ಲ. ಉಂಡವನು ಎಲೆಯಡಿಕೆಯನ್ನು ಬಾಯಿಗಿಡುವ ಮೊದಲೇ ಕೈಯಲ್ಲಿರುವ ಫೋನನ್ನು ತೆರೆದು, ಐದರಲ್ಲಿ ಇಷ್ಟು ನಕ್ಷತ್ರವೆಂದು ಗುರುತುಹಾಕಿ, ತನ್ನ ತೀರ್ಪನ್ನು ಊರಿಗೆಲ್ಲ ಸಾರಿಬಿಡುತ್ತಾನೆ. ಆ ತೀರ್ಪು ಅಳಿಯದೆ ಉಳಿಯುತ್ತದೆ. ಕಾಣದ ನೂರಾರು ಜನ ಅದನ್ನು ಓದುತ್ತಾರೆ. ಓದಿ ಬೇರೆ ಕಡೆಗೆ ಹೊರಳುತ್ತಾರೆ.

ಹಾಗಾದರೆ ಇಂಥ ತೀರ್ಪು ಎಷ್ಟರಮಟ್ಟಿಗೆ ನಂಬಲರ್ಹವಾದುದು? ನಾಲಗೆಯೂ ಒಂದು ಅಳತೆಯ ಉಪಕರಣವೆಂದು ಒಪ್ಪಿದರೆ, ಅದನ್ನು ಬಳಸುವ ನಿಯಮಗಳೇನು? ಈ ಪ್ರಶ್ನೆಯು ನಮ್ಮನ್ನು ಕಾಡತೊಡಗಿದುದು ನಾವೇ ಮಾಡಿದ ಒಂದು ತಪ್ಪಿನಿಂದ.

ಒಂದು ದುಡುಕಿನ ಮಾತು

ಒಂದು ಮಧ್ಯಾಹ್ನ ಇಬ್ಬರು ವಿದ್ಯಾರ್ಥಿಗಳೊಡನೆ ನಾವು ಧಾರವಾಡದ ಒಂದು ಚಿಕ್ಕ ಖಾನಾವಳಿಗೆ ಹೋಗಿದ್ದೆವು. ಬಿಸಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ ಎಲ್ಲವೂ ತಾಟಿಗೆ ಬಂದುವು. ಆದರೆ ನಮ್ಮ ಮಾತು ಪರೀಕ್ಷೆಯ ಪ್ರಶ್ನೆಯೊಂದರ ಬೆನ್ನುಹತ್ತಿ ಎಲ್ಲಿಂದೆಲ್ಲಿಗೋ ಹೋಯಿತು. ತಲೆಯ ಮೇಲೆ ಫ್ಯಾನು ಭರದಿಂದ ತಿರುಗುತ್ತಿತ್ತು. ಚರ್ಚೆ ಮುಗಿಸಿ ರೊಟ್ಟಿಯನ್ನು ಮುರಿದು ಬಾಯಿಗಿಟ್ಟಾಗ ಅದು ತೊಗಲಿನಂತೆ ಬಿರುಸಾಗಿತ್ತು. ಹಣ ಕೊಡುವಾಗ ನಾವು, "ಇಂದು ರೊಟ್ಟಿ ಸರಿಯಾಗಿರಲಿಲ್ಲ" ಎಂದೆವು. ನಮ್ಮ ವಿದ್ಯಾರ್ಥಿಯೊಬ್ಬನು ಅಷ್ಟರಲ್ಲಿಯೇ ಫೋನಿನಲ್ಲಿ ಒಂದೇ ಒಂದು ನಕ್ಷತ್ರವನ್ನು ಒತ್ತಿಯಾಗಿತ್ತು.

ಒಳಗೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ತಾಯಿ ತಲೆಯೆತ್ತದೆಯೇ ಹೇಳಿದರು: "ರೊಟ್ಟಿ ನಿಮ್ಮ ಮಾತು ಮುಗಿಯೂತನಕ ಕಾಯಂಗಿಲ್ರಿ ಸರ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾವು ತರಗತಿಯಲ್ಲಿ ವರ್ಷವರ್ಷವೂ ಹೇಳುವ ಮಾತನ್ನೇ ಅವರು ನಮಗೆ ತಿರುಗಿ ಹೇಳಿದ್ದರು. ಉಷ್ಣತೆ, ಒತ್ತಡ, ಕಾಲಗಳನ್ನು ನಮೂದಿಸದ ಅಳತೆಯು ಅಳತೆಯೇ ಅಲ್ಲವೆಂದು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ಅಂಕಗಳನ್ನು ಕಳೆಯುವ ನಾವು, ಖಾನಾವಳಿಯಲ್ಲಿ ಆ ನಿಯಮವನ್ನು ಮರೆತಿದ್ದೆವು. ರೊಟ್ಟಿಗೆ ಆ ಇಪ್ಪತ್ತು ನಿಮಿಷಗಳಲ್ಲಿ ಆದುದೇನೆಂಬುದನ್ನು ಈಗ ನೋಡೋಣ.

ರೊಟ್ಟಿಯ ಏಳುಬೀಳು

ಗೋದಿಯ ಹಿಟ್ಟನ್ನು ನಾದಿದಾಗ ಅದರಲ್ಲಿಯ ಗ್ಲುಟೆನ್ ಎಂಬ ಅಂಟು ಪದಾರ್ಥವು ಬಲೆಯಂತೆ ಹಬ್ಬಿ ಕಣಕಕ್ಕೆ ಜಿಗಿಯನ್ನು ಕೊಡುತ್ತದೆ. ಜೋಳದಲ್ಲಿ ಈ ಗ್ಲುಟೆನ್ ಇಲ್ಲ. ಆದುದರಿಂದಲೇ ನಮ್ಮ ಹೆಣ್ಣುಮಕ್ಕಳು ಜೋಳದ ಹಿಟ್ಟಿಗೆ ಕುದಿಯುವ ನೀರನ್ನು ಸುರಿಯುತ್ತಾರೆ. ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಹಿಟ್ಟಿನೊಳಗಿನ ಪಿಷ್ಟದ ಕಣಗಳು ನೀರನ್ನು ಕುಡಿದು ಉಬ್ಬಿ ಅಂಬಲಿಯಂತೆ ಅಂಟಾಗುತ್ತವೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಇಲ್ಲಿ ಪಿಷ್ಟವು ಮಾಡುತ್ತದೆ.

ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುವುದನ್ನು ವಾಚಕರೆಲ್ಲ ನೋಡಿರಬಹುದು. ಈ ನೀರು ಮೇಲಿನ ಒಣ ಹಿಟ್ಟನ್ನು ಅಂಟಿಸಿ ಪದರವು ಬಿರಿಯದಂತೆ ಕಾಯುತ್ತದೆ. ಎರಡೂ ಬದಿಯ ಪದರಗಳು ಬಿಗಿಯಾದ ಮೇಲೆ ನಡುವಿನ ನೀರು ಆವಿಯಾಗುತ್ತದೆ. ಧಾರವಾಡವು ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, 97-98 ಡಿಗ್ರಿಯ ಸುಮಾರಿಗೆ. ಒಂದು ಘನ ಸೆಂಟಿಮೀಟರ್ ನೀರು ಆವಿಯಾದಾಗ ಸುಮಾರು 1,700 ಘನ ಸೆಂಟಿಮೀಟರ್ ಜಾಗವನ್ನು ಬೇಡುತ್ತದೆ. ಕೆಲವೇ ಹನಿ ನೀರು ರೊಟ್ಟಿಯನ್ನು ಪೂರಿಯಂತೆ ಉಬ್ಬಿಸುವ ಗುಟ್ಟು ಇದೇ. ಉಬ್ಬಿದ ರೊಟ್ಟಿಯೆಂದರೆ ಎರಡು ಪದರಗಳ ನಡುವೆ ಆವಿಯಲ್ಲಿ ಬೆಂದ ರೊಟ್ಟಿ.

ಒಲೆಯಿಂದ ಇಳಿಸಿದ ಕ್ಷಣದಿಂದಲೇ ಎರಡು ಕ್ರಿಯೆಗಳು ಪ್ರಾರಂಭವಾಗುತ್ತವೆ. ಮೊದಲನೆಯದು ನೀರಿನ ನಷ್ಟ. ಫ್ಯಾನಿನ ಗಾಳಿಯು ರೊಟ್ಟಿಯ ಮೇಲೆ ನಿಂತ ತೇವದ ಹವೆಯನ್ನು ತಳ್ಳಿ ಒಣ ಹವೆಯನ್ನು ತರುವುದರಿಂದ ನೀರು ಬೇಗ ಆರುತ್ತದೆ. ಆವಿಯಾಗುವ ಒಂದೊಂದು ಗ್ರಾಂ ನೀರೂ 500ಕ್ಕೂ ಹೆಚ್ಚು ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುವುದರಿಂದ ರೊಟ್ಟಿಯೂ ಬೇಗ ತಣ್ಣಗಾಗುತ್ತದೆ. ಎರಡನೆಯದು ಪಿಷ್ಟದ ಬದಲಾವಣೆ. ಬಿಸಿಯಲ್ಲಿ ಸಡಿಲವಾಗಿ ಹರಡಿದ್ದ ಪಿಷ್ಟದ ಉದ್ದುದ್ದ ಅಣುಗಳು ತಣಿದಂತೆಲ್ಲ ಮತ್ತೆ ಒಂದರ ಮಗ್ಗುಲಿಗೆ ಒಂದು ಸೇರಿ ಬಿಗಿದುಕೊಳ್ಳುತ್ತವೆ. 1852ರಲ್ಲಿ ಫ್ರಾನ್ಸಿನ ಬುಸೆಂಗೋ ಎಂಬ ವಿಜ್ಞಾನಿಯು ಬ್ರೆಡ್ಡನ್ನು ನೀರು ಆರಿಹೋಗದಂತೆ ಮುಚ್ಚಿಟ್ಟರೂ ಅದು ಹಳಸಲು ಬಿರುಸಾಗುವುದೆಂದೂ, ಮತ್ತೆ ಕಾಯಿಸಿದರೆ ಮೆದುವಾಗುವುದೆಂದೂ ತೋರಿಸಿದನು. ಬಿರುಸಾಗುವುದಕ್ಕೆ ಒಣಗುವುದೊಂದೇ ಕಾರಣವಲ್ಲವೆಂದು ಅಂದೇ ಸ್ಪಷ್ಟವಾಯಿತು.

ನಾವು ಮರುವಾರ ಮನೆಯಲ್ಲಿಯೇ ಪರೀಕ್ಷಿಸಿ ನೋಡಿದೆವು. ಒಂದೇ ಹಿಟ್ಟಿನ ಮೂರು ರೊಟ್ಟಿಗಳಲ್ಲಿ ಒಂದನ್ನು ಕೂಡಲೆ ತಿಂದೆವು, ಒಂದನ್ನು ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟೆವು, ಒಂದನ್ನು ಫ್ಯಾನಿನ ಕೆಳಗೆ ಬಿಟ್ಟೆವು. ಇಪ್ಪತ್ತು ನಿಮಿಷಗಳ ಅನಂತರ ಬುಟ್ಟಿಯ ರೊಟ್ಟಿ ಮಡಚಿದರೆ ಮಡಚಿತು. ಫ್ಯಾನಿನ ಕೆಳಗಿನದು ಮುರಿಯಿತು. ಖಾನಾವಳಿಯ ತಾಯಿಯ ಮೇಲೆ ನಾವು ಹೊರಿಸಿದ ದೋಷವು ನಮ್ಮದೇ ಆಗಿತ್ತು. ಇದೇ ಒಣಗುವಿಕೆಯನ್ನು ಬೇಕೆಂದೇ ಕೊನೆಮುಟ್ಟಿಸಿದರೆ ವಾರಗಟ್ಟಲೆ ಕೆಡದ ಕಟಕ ರೊಟ್ಟಿಯಾಗುತ್ತದೆ. ಒಂದು ರೊಟ್ಟಿಗೆ ದೋಷವಾದುದೇ ಇನ್ನೊಂದಕ್ಕೆ ಗುಣವೆಂಬುದನ್ನು ಮರೆಯಬಾರದು.

ಬಿಸಿಯಿಲ್ಲದ ಉರಿ

ಖಾನಾವಳಿಯ ಊಟವನ್ನು ಕುರಿತು ಹೊರಗಿನವರು ಹೆಚ್ಚಾಗಿ ಹೇಳುವ ದೂರು "ಬಲು ಖಾರ" ಎಂಬುದು. ಖಾರವು ಉಪ್ಪು, ಹುಳಿಗಳಂತೆ ಒಂದು ರುಚಿಯಲ್ಲ. ಅದೊಂದು ಉರಿಯ ಅನುಭವ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತುವು ನಾಲಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಸೂಕ್ಷ್ಮ ಬಾಗಿಲನ್ನು ತೆರೆಯುತ್ತದೆ. ಈ ಬಾಗಿಲು ಸಾಮಾನ್ಯವಾಗಿ ತೆರೆಯುವುದು 43 ಡಿಗ್ರಿಯ ಸುಮಾರಿನ ಉಷ್ಣತೆಯಲ್ಲಿ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಇದನ್ನು ಕಂಡುಹಿಡಿದರು. 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಅವರಿಗೆ ಪಾಲು ದೊರೆಯಿತು.

ಇದರಿಂದ ಒಂದು ಕುತೂಹಲಕರ ಪರಿಣಾಮವುಂಟು. ಬಿಸಿಯೂ ಖಾರವೂ ಒಂದೇ ಬಾಗಿಲನ್ನು ತಟ್ಟುವುದರಿಂದ, ಹೊಗೆಯಾಡುವ ಎಣ್ಣೆಗಾಯಿಯು ಆರಿದ ಎಣ್ಣೆಗಾಯಿಗಿಂತ ಹೆಚ್ಚು ಖಾರವೆನಿಸುತ್ತದೆ. ಅಡಿಗೆಯವರು ಹಾಕಿದ ಮೆಣಸಿನಕಾಯಿ ಒಂದೇ. ಉಂಡವರ ತೀರ್ಪು ಎರಡು. ಮೆಣಸಿನ ಬಣ್ಣವೂ ನಂಬಿಕೆಗೆ ತಕ್ಕುದಲ್ಲ. ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು ಬಣ್ಣಕ್ಕೆ ಹೆಸರಾದುದು, ಖಾರಕ್ಕಲ್ಲ. ಕೆಂಪಗಿರುವ ಸಾರನ್ನು ಕಂಡೇ ಬೆವರುವವರು ಕಣ್ಣಿನಿಂದ ಉಣ್ಣುತ್ತಿರುತ್ತಾರೆ.

ಖಾರ ಹತ್ತಿದವರು ನೀರು ಕುಡಿಯುವುದು ವಾಡಿಕೆ. ಆದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಲು ಮೊಸರುಗಳಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕೂಡ ಅದನ್ನು ಹಿಡಿದುಕೊಳ್ಳುತ್ತದೆ. ತಾಟಿನಲ್ಲಿ ಗಟ್ಟಿ ಮೊಸರನ್ನೂ ಬೆಣ್ಣೆಯನ್ನೂ ಇಟ್ಟ ಹಿರಿಯರು ಈ ಹೆಸರುಗಳನ್ನು ಕೇಳಿರಲಿಲ್ಲ. ಮದ್ದನ್ನು ಮಾತ್ರ ಬಲ್ಲವರಾಗಿದ್ದರು.

ಹುಬ್ಬಳ್ಳಿಯ ಸಂಜೆ

ಧಾರವಾಡದಿಂದ ಸುಮಾರು 20 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಸಂಜೆ ಹೋದವರು ಗಿರ್ಮಿಟ್ ಮತ್ತು ಮಿರ್ಚಿಯನ್ನು ತಿನ್ನದೆ ಮರಳುವುದು ಅಪರೂಪ. ಕಾದ ಎಣ್ಣೆಗೆ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಬಿಟ್ಟೊಡನೆ ಏಳುವ ಸದ್ದು ಎಣ್ಣೆಯದಲ್ಲ, ನೀರಿನದು. ಎಣ್ಣೆಯ ಉಷ್ಣತೆ 170-180 ಡಿಗ್ರಿಯಷ್ಟಿರುವುದರಿಂದ ಹಿಟ್ಟಿನೊಳಗಿನ ನೀರು ಥಟ್ಟನೆ ಆವಿಯಾಗಿ ಗುಳ್ಳೆಗಳಾಗಿ ಹೊರನುಗ್ಗುತ್ತದೆ. ಈ ನುಗ್ಗಾಟವಿರುವ ತನಕ ಎಣ್ಣೆಗೆ ಒಳಗೆ ಪ್ರವೇಶವಿಲ್ಲ. ಹಾಗಾದರೆ ಮಿರ್ಚಿ ಎಣ್ಣೆ ಕುಡಿಯುವುದು ಯಾವಾಗ? ಮುಖ್ಯವಾಗಿ ಬಾಣಲೆಯಿಂದ ಹೊರತೆಗೆದ ಮೇಲೆ! ಮಿರ್ಚಿ ತಣಿದಂತೆ ಒಳಗಿನ ಆವಿಯು ನೀರಾಗಿ, ಒಳಗಿನ ಒತ್ತಡ ಕುಸಿದು, ಮೈಗಂಟಿದ ಎಣ್ಣೆಯನ್ನು ಹೊರಗಿನ ಹವೆಯೇ ರಂಧ್ರಗಳೊಳಗೆ ತಳ್ಳುತ್ತದೆ. ಕೂಡಲೆ ಝಾರಿಯಲ್ಲಿ ಜಾಡಿಸಿ ಎಣ್ಣೆ ಬಸಿಯುವ ಅಂಗಡಿಯವನು ಈ ಕ್ಷಣದ ಬೆಲೆಯನ್ನು ಅರಿತವನು. ಗಿರಾಕಿಗಳ ಗದ್ದಲದಲ್ಲಿ ಒಮ್ಮೆಗೆ ಬಹಳ ಮಿರ್ಚಿಗಳನ್ನು ಬಿಟ್ಟರೆ ಎಣ್ಣೆಯ ಉಷ್ಣತೆ ಇಳಿದು, ಹೊರಪದರವು ಗರಿಯಾಗಲು ತಡವಾಗುತ್ತದೆ. ಜನಸಂದಣಿಯ ಹೊತ್ತಿನ ಮಿರ್ಚಿಯೂ ಬಿಡುವಿನ ಹೊತ್ತಿನ ಮಿರ್ಚಿಯೂ ಒಂದೇ ಅಂಗಡಿಯಲ್ಲಿ ಬೇರೆ ಬೇರೆಯಾಗುವುದು ಹೀಗೆ.

ಗಿರ್ಮಿಟ್‌ದು ರೊಟ್ಟಿಗೆ ತಿರುಗುಮುರುಗಾದ ಕಥೆ. ಚುರಮುರಿಯು ಒಳಗೆಲ್ಲ ರಂಧ್ರಗಳುಳ್ಳ ಒಣ ಪದಾರ್ಥ. ಅದರ ಪಿಷ್ಟದ ಗೋಡೆಗಳು ಗಾಜಿನಂತೆ ಪೆಡಸು. ಹಲ್ಲಿಗೆ ಸಿಕ್ಕಾಗ ಪಟಪಟನೆ ಒಡೆಯುತ್ತವೆ. ಹುಣಸೆಯ ಹುಳಿ, ಉಳ್ಳಾಗಡ್ಡಿಯ ಒಗ್ಗರಣೆ ಸೇರಿದೊಡನೆ ಈ ಗೋಡೆಗಳು ನೀರನ್ನು ಹೀರಿ ರಬ್ಬರಿನಂತೆ ಮೆತ್ತಗಾಗತೊಡಗುತ್ತವೆ. ಪುಟಾಣಿಯ ಹಿಟ್ಟು ಸ್ವಲ್ಪ ನೀರನ್ನು ತಾನೇ ಹೀರಿಕೊಂಡು ಕೆಲವು ನಿಮಿಷಗಳ ಗಡುವು ಕೊಡುತ್ತದೆ, ಅಷ್ಟೆ. ಪೊಟ್ಟಣ ಕಟ್ಟಿಸಿಕೊಂಡು ಮನೆಗೊಯ್ದು ಬಿಚ್ಚಿ "ಗಿರ್ಮಿಟ್ ಮೆತ್ತಗಿತ್ತು" ಎಂದು ಬರೆಯುವವರು ಅಂಗಡಿಯನ್ನಲ್ಲ, ದಾರಿಯನ್ನು ವಿಮರ್ಶಿಸಿದಂತಾಯಿತು.

ಕಾಯಬಲ್ಲ ಸಿಹಿ

ಇವೆಲ್ಲವುಗಳ ನಡುವೆ ತಾಳ್ಮೆಯ ಪದಾರ್ಥವೊಂದಿದೆ. ಅದು ಧಾರವಾಡದ ಪೇಢೆ. ಉತ್ತರಪ್ರದೇಶದ ಉನ್ನಾವೊದಿಂದ ಬಂದು ಇಲ್ಲಿ ನೆಲೆಸಿದ ಠಾಕೂರ ಮನೆತನದವರು ಪ್ರಾರಂಭಿಸಿದ ಈ ಸಿಹಿಯಿಂದಾಗಿ ಲೈನ್ ಬಜಾರದ ಹೆಸರು ನಾಡೆಲ್ಲ ಹರಡಿತು. ಇಂದು ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಪೇಢೆಯ ಕಂದು ಬಣ್ಣವೂ ಪರಿಮಳವೂ ಹಾಲಿನ ಸಕ್ಕರೆ ಮತ್ತು ಪ್ರೋಟೀನುಗಳು ಶಾಖದಲ್ಲಿ ಕೂಡಿದುದರ ಫಲ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ ಈ ಬಗೆಯ ಕ್ರಿಯೆಯನ್ನು ವಿವರಿಸಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಹಾಲಿನಲ್ಲಿ ನೀರು ಧಾರಾಳವಾಗಿರುವ ತನಕ ಉಷ್ಣತೆಯು ನೀರಿನ ಕುದಿಬಿಂದುವನ್ನು ಹೆಚ್ಚು ಮೀರಲಾರದು. ಆಗ ಈ ಕ್ರಿಯೆ ಬಲು ನಿಧಾನ. ನೀರೆಲ್ಲ ಇಂಗಿ ಖವೆಯಾದ ಮೇಲೆಯೇ ಉಷ್ಣತೆ ಏರಿ ಬಣ್ಣ ಬರುವುದು. ಆದುದರಿಂದ ಕೈಬಿಡದೆ ತಿರುವುತ್ತ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಹೀಗೆ ನೀರನ್ನು ಕಳೆದುಕೊಂಡು, ಸಕ್ಕರೆಯಿಂದ ತುಂಬಿದ ಪೇಢೆಯಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ತೇವವು ದೊರೆಯುವುದಿಲ್ಲ. ಕಾಯಿಸುವಾಗ ಕಾದವರಿಗೆ, ತಿನ್ನುವಾಗ ಕೆಲವು ದಿನ ಕಾಯುವ ಸಿಹಿ ಸಿಗುತ್ತದೆ.

ನ್ಯಾಯವಾದ ತೀರ್ಪು

ರೊಟ್ಟಿಯ ಆಯುಷ್ಯ ನಿಮಿಷಗಳದು, ಪೇಢೆಯದು ದಿನಗಳದು. ಪ್ರತಿಯೊಂದು ತಿನಿಸಿಗೂ ಅದರದೇ ಹೊತ್ತಿದೆ. ಆ ಹೊತ್ತಿನಲ್ಲಿ ತಿಂದವನ ಮಾತಿಗಷ್ಟೇ ಬೆಲೆಯುಂಟು. ವಾಚಕರಲ್ಲಿ ಅನೇಕರು ವಿದ್ಯಾರ್ಥಿಗಳು. ಊಟದ ವಿಷಯದಲ್ಲಿ ಬರೆಯುವವರೂ ನೀವೇ ಹೆಚ್ಚು. ಬರೆಯಬೇಡಿರೆಂದು ನಾವು ಹೇಳುವುದಿಲ್ಲ. ಬರೆಯುವಾಗ ಯಾವ ಹೊತ್ತಿನಲ್ಲಿ ತಿಂದಿರಿ, ಬಡಿಸಿದ ಎಷ್ಟು ಹೊತ್ತಿನ ಮೇಲೆ ತಿಂದಿರಿ, ಎಷ್ಟು ಸಲ ತಿಂದಿರಿ ಎಂಬುದನ್ನೂ ಬರೆಯಿರಿ. ಒಂದೇ ಅಳತೆಯಿಂದ ಲೋಲಕದ ಆಂದೋಲನ ಕಾಲವನ್ನು ನಾವು ಒಪ್ಪುವುದಿಲ್ಲ. ಒಂದೇ ಊಟದಿಂದ ಒಂದು ಮನೆಯ ಅನ್ನವನ್ನು ಅಳೆಯುವುದು ಸರಿಯೇ?

ಕೆಲವು ದಿನಗಳ ಮೇಲೆ ಅದೇ ವಿದ್ಯಾರ್ಥಿಗಳೊಡನೆ ಅದೇ ಖಾನಾವಳಿಗೆ ಹೋದೆವು. ರೊಟ್ಟಿ ತಾಟಿಗೆ ಬಿದ್ದೊಡನೆ ಮಾತು ನಿಲ್ಲಿಸಿ ಉಂಡೆವು. ಹೊರಗೆ ಬಂದ ವಿದ್ಯಾರ್ಥಿಯು ಫೋನನ್ನು ತೆರೆದು ತನ್ನ ಹಳೆಯ ತೀರ್ಪನ್ನು ತಿದ್ದಿದನು. ತಪ್ಪು ತನ್ನದೆಂದೂ ಬರೆದನು. ಆದರೆ ನಡುವಿನ ದಿನಗಳಲ್ಲಿ ಆ ಒಂದು ನಕ್ಷತ್ರವನ್ನು ನೋಡಿ ಬಾಗಿಲಿಂದಲೇ ಹಿಂದಿರುಗಿದವರೆಷ್ಟು ಮಂದಿಯೋ! ಅವರನ್ನು ಮರಳಿ ಕರೆತರುವ ಉಪಾಯ ಅವನಲ್ಲಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಒಳಗೆ ಆ ತಾಯಿ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದರು.