ಪಿಸಾನೆಲ್ಲೊ ಬರೆದ ಕಡಿವಾಣ

ಕುದುರೆಯ ಚಿತ್ರ ಬರೆದವರಿಗೆ ಲೆಕ್ಕವಿಲ್ಲ. ಅದರ ಬಾಯಿಗೆ ಬಿಗಿದ ಕಡಿವಾಣವನ್ನು ಕುದುರೆಯಷ್ಟೇ ಅಕ್ಕರೆಯಿಂದ ನೋಡಿದವರು ವಿರಳ. 15ನೇ ಶತಮಾನದ ಇಟಲಿಯ ಪಿಸಾನೆಲ್ಲೊ ಅಂಥವನು. ಮಾಂಟುವಾ, ಫೆರಾರಾ, ನೇಪಲ್ಸ್ ಆಸ್ಥಾನಗಳಲ್ಲಿ ದುಡಿದವನಿಗೆ ಒಳ್ಳೆಯ ಕುದುರೆಗಳು ಕಣ್ಣೆದುರೇ ಇದ್ದವು.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅವನ ಒಂದು ಹಾಳೆಯಿದೆ. ಶಾಯಿಯಲ್ಲಿ ಬರೆದ ಎರಡು ಕುದುರೆಗಳು: ಒಂದು ಮುಖ ತೋರಿಸಿ, ಇನ್ನೊಂದು ಬೆನ್ನು ತಿರುಗಿಸಿ ನಿಂತಿವೆ. ಮೂಗಿನ ಹೊಳ್ಳೆ ಸೀಳಿರುವುದು ಎದ್ದು ಕಾಣುತ್ತದೆ. ಓಟದಲ್ಲಿ ಉಸಿರಾಟ ಸರಾಗವಾಗಲೆಂದು ಹಾಗೆ ಸೀಳುತ್ತಿದ್ದರಂತೆ. ಪಿಸಾನೆಲ್ಲೊ ಅದನ್ನು ಮುಚ್ಚಿಟ್ಟಿಲ್ಲ, ಅಂದಗೊಳಿಸಿಯೂ ಇಲ್ಲ.

ಕಡಿವಾಣಕ್ಕೂ ಅದೇ ನ್ಯಾಯ. ಕಿವಿಯ ಹಿಂದಿನಿಂದ ಇಳಿದ ಚರ್ಮದ ಪಟ್ಟಿ ಕೆನ್ನೆಯ ಮೇಲೆ ಹಾದು, ಬಾಯೊಳಗಿನ ಕಬ್ಬಿಣವನ್ನು ಹಿಡಿದು ನಿಲ್ಲಿಸಬೇಕು. ಆ ಕಬ್ಬಿಣಕ್ಕೆ ಲಗಾಮು ಸೇರಬೇಕು. ಸವಾರ ಲಗಾಮು ಎಳೆದರೆ ನೋವು ತಾಗುವುದು ಕುದುರೆಯ ಒಸಡಿಗೆ. ಇಷ್ಟನ್ನು ತಿಳಿಯದೆ ಬರೆದ ಕಡಿವಾಣ ಮುಖಕ್ಕೆ ಹೊದಿಸಿದ ಅಲಂಕಾರವಾಗುತ್ತದೆ. ಪಿಸಾನೆಲ್ಲೊನ ಪಟ್ಟಿಗಳು ಮೂಳೆ ಉಬ್ಬಿದಲ್ಲಿ ಬಾಗುತ್ತವೆ, ಕೆನ್ನೆ ತಗ್ಗಿದಲ್ಲಿ ಸಡಿಲವಾಗುತ್ತವೆ. ಒತ್ತೊತ್ತಾಗಿ ಎಳೆದ ಸಣ್ಣ ಗೆರೆಗಳಲ್ಲೇ ಚರ್ಮ ಬೇರೆ, ಕೂದಲು ಬೇರೆ ಎಂದು ತಿಳಿಯುತ್ತದೆ. ನನ್ನ ಮಟ್ಟಿಗೆ ಅವನ ದೊಡ್ಡ ಚಿತ್ರಗಳಿಗಿಂತ ಈ ಹಾಳೆಯೇ ಹೆಚ್ಚಿನದು.

ಇಂಥ ಅನೇಕ ಹಾಳೆಗಳಿದ್ದ ಸಂಪುಟವನ್ನು ಲೂವ್ರ್ 1856ರಲ್ಲಿ ವಲ್ಲಾರ್ದಿ ಎಂಬ ವ್ಯಾಪಾರಿಯಿಂದ ಕೊಂಡಿತು. ಆತ ಅವನ್ನು ಲಿಯೊನಾರ್ಡೊ ಡ ವಿಂಚಿಯವೆಂದು ನಂಬಿದ್ದ. ನಿಜವಾದ ಹೆಸರು ಸೇರಿದ್ದು ಆಮೇಲೆ.

ಹಾಳೆಯ ಮೇಲಿನ ಈ ಅಭ್ಯಾಸ ಎಲ್ಲಿಗೆ ಮುಟ್ಟಿತೆಂದು ವೆರೋನಾದ ಸಂತ ಅನಸ್ತಾಸಿಯಾ ಚರ್ಚಿನಲ್ಲಿ ಕಾಣಬಹುದು. ಅಲ್ಲಿನ ಭಿತ್ತಿಚಿತ್ರದಲ್ಲಿ ಸಂತ ಜಾರ್ಜ್ ಒಂದು ಕಾಲನ್ನು ಅಂಕವಣೆಯಲ್ಲಿಟ್ಟು ಇನ್ನೇನು ಕುದುರೆಯೇರಲಿದ್ದಾನೆ. ರಿಕಾಪಿಗೆ ನಮ್ಮ ಹಿರಿಯರು ಇಟ್ಟಿದ್ದ ಚೆಂದದ ಹೆಸರು ಅಂಕವಣೆ. ಪಕ್ಕದಲ್ಲಿ ರಾಜಕುಮಾರಿಯಿದ್ದರೂ ನಮಗೆ ಮೊದಲು ಕಾಣುವುದು ಬಿಳಿ ಕುದುರೆಯ ತುಂಬಿದ ಹಿಂಭಾಗ, ಅದರ ಮೇಲೆ ಬಿಗಿದ ಪಟ್ಟಿಗಳು. ತೇವದಿಂದ ಚಿತ್ರ ಸಾಕಷ್ಟು ಹಾಳಾಗಿದೆ, ಅಂಟಿಸಿದ್ದ ಲೋಹದ ತಗಡೂ ಉದುರಿದೆ.

ವೆರೋನಾಗೆ ಹೋಗುವವರು ಒಂದು ದುರ್ಬೀನು ಜತೆಗಿಟ್ಟುಕೊಳ್ಳಿ. ಚಿತ್ರ ಕಮಾನಿನ ಮೇಲೆ, ಬಹಳ ಎತ್ತರದಲ್ಲಿದೆ.