ಉರಿ ಸಹಿಸದ ಸೀತಾಫಲದ ಸಿಹಿ

ದಸರೆ ಮುಗಿದು ಶೀಗಿ ಹುಣ್ಣಿಮೆ ಹತ್ತಿರವಾಗುವ ಹೊತ್ತಿಗೆ ಕುಷ್ಟಗಿಯ ಸಂತೆಯಲ್ಲಿ ಎರಡು ಹಣ್ಣುಗಳು ಎದುರುಬದುರಾಗುತ್ತವೆ. ತಳ್ಳುಗಾಡಿಯ ಮೇಲೆ ಹಿಮಾಚಲ, ಕಾಶ್ಮೀರಗಳಿಂದ ಲಾರಿಯೇರಿ ಬಂದ ಸೇಬು; ನೆಲದ ಮೇಲೆ ಹಾಸಿದ ಗೋಣಿತಾಟಿನಲ್ಲಿ ಗುಡ್ಡದಿಂದ ಪುಟ್ಟಿ ಹೊತ್ತು ತಂದ ಸೀತಾಫಲ. ಒಂದು ಕಿಲೋ ಲೆಕ್ಕ, ಇನ್ನೊಂದು ಗುಂಪಿ ಲೆಕ್ಕ. ಸೀತಾಫಲಕ್ಕೆ ಇಂಗ್ಲಿಷಿನವರು ‘ಕಸ್ಟರ್ಡ್ ಆ್ಯಪಲ್’ ಎಂದು ಸೇಬಿನ ಹೆಸರನ್ನೇ ಕೊಟ್ಟಿದ್ದಾರೆ. ಅಡುಗೆಮನೆಯಲ್ಲಿ ಮಾತ್ರ ಇವೆರಡರ ಸ್ವಭಾವ ತದ್ವಿರುದ್ಧ.

ಸೇಬಿಗೆ ಬೆಂಕಿಯೆಂದರೆ ಇಷ್ಟ. ಸಕ್ಕರೆ, ದಾಲ್ಚಿನ್ನಿ ಸೇರಿಸಿ ಬೇಯಿಸಿದಷ್ಟೂ ಅದರ ಪರಿಮಳ ಹೆಚ್ಚುತ್ತದೆ. ಸೀತಾಫಲದ ತಿರುಳನ್ನು ಕಾಯಿಸಿದರೆ ಘಮ ಹೋಗಿ ಕಹಿ ಉಳಿಯುತ್ತದೆ. ಮೊದಲ ಸಲ ಪಾಯಸಕ್ಕೆ ಹಣ್ಣು ಹಾಕಿ ಕುದಿಸಿದ ಗೃಹಿಣಿಯರಿಗೆ ಒಂದು ಪಾತ್ರೆ ಹಾಲು ದಂಡವಾಗುವುದು ಇದರಿಂದಲೇ.

ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ಆದರೆ ದಖ್ಖನ್ನಿನ ಕಲ್ಲುಗುಡ್ಡಗಳಿಗೆ ಅದು ಎಷ್ಟು ಹೊಂದಿಕೊಂಡಿದೆಯೆಂದರೆ ಪರದೇಶಿ ಎಂದರೆ ಯಾರೂ ನಂಬರು. ತೆಳುವಾದ ಮಣ್ಣು, ಕಡಿಮೆ ಮಳೆ, ಉರಿಬಿಸಿಲು ಯಾವುದಕ್ಕೂ ಅಂಜದು. ಎಲೆ ಕಹಿಯಾದ್ದರಿಂದ ಆಡುಗಳೂ ಬಾಯಿ ಹಾಕುವುದಿಲ್ಲ. ಬೇಲಿಯಿಲ್ಲದ ಗುಡ್ಡದಲ್ಲಿ ಈ ಗಿಡ ಉಳಿದುಬಂದ ಗುಟ್ಟು ಇಲ್ಲಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರೂಪುಗೊಂಡ ಕೊಪ್ಪಳ ಜಿಲ್ಲೆಯಲ್ಲಿ ಮಳೆಯನ್ನೇ ನಂಬಿದ ಹೊಲಗಳು ಹೇರಳ. ಇಂಥಲ್ಲಿ ನೀರು, ಗೊಬ್ಬರ ಕೇಳದೆ ಬರುವ ಹಣ್ಣು ಕೂಲಿ ಮಾಡುವ ಹೆಣ್ಣುಮಕ್ಕಳಿಗೆ ಕೆಲವು ವಾರಗಳ ಕೈಗಾಸು.

ಆದರೆ ಗುಡ್ಡದ ಹಣ್ಣಿಗೆ ಒಡೆಯರಿಲ್ಲ. ಮೊದಲು ಹೋದವರಿಗೆ ಮೊದಲ ಕಾಯಿ. ಈ ಪೈಪೋಟಿಯಲ್ಲಿ ಬಲಿಯದ ಕಾಯಿಯನ್ನೂ ಕಿತ್ತುಬಿಟ್ಟರೆ ಅದು ಹಣ್ಣಾಗದೆ ಕಲ್ಲಿನಂತೆ ಗಟ್ಟಿಯಾಗಿ ಕಪ್ಪಿಡುತ್ತದೆ. ಕಾಯಿಯ ಕಣ್ಣುಗಳ ನಡುವಿನ ಗೆರೆ ಅಗಲವಾಗಿ ತಿಳಿಹಳದಿ ಬಣ್ಣಕ್ಕೆ ತಿರುಗಬೇಕು. ಇದೇ ಕಾಯಿ ಕಣ್ಣು ಬಿಡುವುದು. ಅಂಥದ್ದನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತದೆ. ಮುಂದೆ ಎರಡು ಮೂರು ದಿನವಷ್ಟೇ ಅದರ ಆಯುಷ್ಯ. ಬೆಳಿಗ್ಗೆ ಬಂದ ಪುಟ್ಟಿಯ ಬೆಲೆ ಸಂಜೆಗೆ ಇಳಿಯುವುದು ಇದಕ್ಕಾಗಿಯೇ.

ಸಂತೆಯಿಂದ ತಂದ ಹಣ್ಣಿಗೆ ಒಪ್ಪುವ ಸಿಹಿಯೆಂದರೆ ಸೀತಾಫಲದ ಬಾಸುಂದಿ. ಒಂದು ಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಕೆನೆಯನ್ನು ಒಳಗೇ ಸೇರಿಸುತ್ತ, ಅರ್ಧದಷ್ಟಾಗುವವರೆಗೆ ಕಾಯಿಸಬೇಕು. ನಾಲ್ಕು ಚಮಚ ಸಕ್ಕರೆ ಸಾಕು, ಹಣ್ಣಿನ ಸಿಹಿ ಬೇರೆ ಇದೆಯಲ್ಲ. ಚಿಟಿಕೆ ಏಲಕ್ಕಿ ಪುಡಿ ಹಾಕಿ ಇಳಿಸಿ, ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಪೂರ್ತಿ ಆರಿಸಬೇಕು. ನಾಲ್ಕೈದು ಹಣ್ಣುಗಳ ತಿರುಳನ್ನು ಜಾಲರಿಯ ಮೇಲೆ ಹಾಕಿ ಚಮಚದ ಬೆನ್ನಿನಿಂದ ತಿಕ್ಕಿದರೆ ಬೀಜ ಮೇಲುಳಿದು ತಿರುಳು ಕೆಳಗಿಳಿಯುತ್ತದೆ. ಹಾಲು ಆರಿದ ಮೇಲಷ್ಟೇ ಅದನ್ನು ಬೆರೆಸಬೇಕು. ಬಿಸಿ ಪೂರಿಯ ಜೊತೆ ಇದು ಹಬ್ಬದೂಟವೇ ಸರಿ.

ಬೀಜದ ಬಗ್ಗೆ ಎಚ್ಚರ ಬೇಕು. ಬೇಗ ಆಗಲಿ ಎಂದು ಹಣ್ಣನ್ನು ಬೀಜಸಮೇತ ಮಿಕ್ಸಿಗೆ ಹಾಕಬಾರದು. ಬೀಜದಲ್ಲಿ ವಿಷಕಾರಿ ಅಂಶಗಳಿವೆ. ಅದರ ಪುಡಿಯನ್ನು ಹೇನಿಗೆ ಮದ್ದಾಗಿ ತಲೆಗೆ ಹಚ್ಚುವ ರೂಢಿ ಹಳ್ಳಿಗಳಲ್ಲಿದೆ. ಆದರೆ ಕಣ್ಣಿಗೆ ಬಿದ್ದರೆ ತೀವ್ರ ಉರಿ, ಹುಣ್ಣು ಉಂಟಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಮದ್ದಿನ ಗೊಡವೆ ಬೇಡ.

ಒಮ್ಮೆಗೇ ಹಣ್ಣಾಗುವ ಫಸಲನ್ನು ಉಳಿಸಲು ದಾರಿಯಿಲ್ಲದಿಲ್ಲ. ತಿರುಳನ್ನು ಬೀಜ ತೆಗೆದು ಹೆಪ್ಪುಗಟ್ಟಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಐಸ್‌ಕ್ರೀಮ್ ತಯಾರಕರು ಕೊಳ್ಳುವುದು ಅದನ್ನೇ. ತೋಟ ಮಾಡುವವರಿಗೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸಹನ್’ ಎಂಬ, ಬೀಜ ಕಡಿಮೆಯಿರುವ ತಳಿಯಿದೆ. ಆದರೆ ತೋಟವೂ ಇಲ್ಲ, ಶೀತಲಗೃಹವೂ ಇಲ್ಲ ಎನ್ನುವ ಗುಡ್ಡದ ಮಹಿಳೆಯರಿಗೆ ಇರುವುದು ಒಂದೇ ಉಪಾಯ: ಕಾಯಿ ಕಣ್ಣು ಬಿಡುವ ತನಕ ಯಾರೂ ಕೀಳಬಾರದೆಂದು ಊರವರೇ ಕೂಡಿ ಮಾಡಿಕೊಳ್ಳುವ ಕಟ್ಟಳೆ. ಸಂತೆಗೆ ಹೋದವರು ಸಂಜೆಯವರೆಗೆ ಕಾದು ಅರ್ಧ ಬೆಲೆಗೆ ಕೇಳುವ ಬದಲು ಬೆಳಿಗ್ಗೆಯೇ ಒಂದು ಗುಂಪಿ ಕೊಂಡರೆ, ಆ ಕಟ್ಟಳೆಗೂ ಬಲ ಬಂದೀತು.