ಜೀಪ್ ಎತ್ತೋ ಮೊದಲು ಸ್ಟೀರಿಂಗ್ ಕಡೆ ನೋಡಿ

ಮೂಡಿಗೆರೆ, ಕೊಪ್ಪ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಿಗೆ ಹೋದರೆ ಯಾವುದಾದರೂ ಶೆಡ್ಡಿನಲ್ಲಿ ಒಂದು ಹಳೇ ಮಹೀಂದ್ರ ಪಿಕಪ್ ಜೀಪ್ ಕಣ್ಣಿಗೆ ಬಿದ್ದೇ ಬೀಳುತ್ತೆ. ಬೆಳಿಗ್ಗೆ ಗೊಬ್ಬರ, ಮಧ್ಯಾಹ್ನ ಕಾಫಿ ಮೂಟೆ, ಸಂಜೆ ಕೆಲಸದವರನ್ನು ಲೈನ್ ಮನೆಗೆ ಬಿಡೋದು, ನಡುರಾತ್ರಿ ಯಾರಿಗಾದರೂ ಎದೆನೋವು ಬಂದ್ರೆ ಆಸ್ಪತ್ರೆಗೆ ಓಡೋದು, ಎಲ್ಲದಕ್ಕೂ ಅದೇ ಗಾಡಿ. ಮಳೆಗಾಲದ ಆ ಕೆಸರಲ್ಲಿ ಹೊಸ ಎಸ್‌ಯುವಿಗಳು ನಿಂತಲ್ಲೇ ಚಕ್ರ ತಿರುಗಿಸುವಾಗ ಇದು ಲೋ ಗೇರ್ ಹಾಕಿಕೊಂಡು ನಿಧಾನಕ್ಕೆ ಹತ್ತಿಹೋಗುತ್ತೆ.

ಮಹೀಂದ್ರ ಕಂಪನಿ ವಿಲ್ಲೀಸ್ ಜೀಪ್‌ಗಳ ಜೋಡಣೆ ಶುರು ಮಾಡಿದ್ದು 1947ರಲ್ಲಿ. ಆಮೇಲೆ ದಶಕಗಳ ಕಾಲ ಬಂದ ಜೀಪ್‌ಗಳ ಅಡಿಭಾಗ ಹೆಚ್ಚುಕಡಿಮೆ ಅದೇ ಥರದ್ದು: ಏಣಿಯಂಥ ಚಾಸಿ, ಮುಂದೆ ಹಿಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಕೈಬಲದಿಂದ ತಿರುಗಿಸೋ ಸ್ಟೀರಿಂಗ್. ರಿಪೇರಿ ಸುಲಭ, ಬಿಡಿಭಾಗ ಸಿಗುತ್ತೆ. ಹಾಗಾಗಿ ಮಾಡಿಫೈ ಮಾಡೋ ಆಸೆಯೂ ಸುಲಭಕ್ಕೆ ಹುಟ್ಟುತ್ತೆ.

ನಮ್ಮ ಮನೆಯ ಪಿಕಪ್ 90ರ ದಶಕದ್ದು. ಅದರ ವಿಷಯದಲ್ಲಿ ಮನೆಯೊಳಗೆ ಎರಡು ಪಕ್ಷ ಆಗಿತ್ತು. ರೀಲ್ಸ್ ನೋಡಿ ನೋಡಿ ತಮ್ಮನಿಗೆ ಗಾಡಿಯನ್ನ ನಾಲ್ಕಿಂಚು ಎತ್ತಿಸಿ ದೊಡ್ಡ ಟೈರ್ ಹಾಕಿಸೋ ಆಸೆ. ತೋಟ ನೋಡಿಕೊಳ್ಳೋ ಚಿಕ್ಕಪ್ಪನಿಗೆ 63 ವರ್ಷ, ಬಲಭುಜ ನೋವು. ಅವರದ್ದು ಒಂದೇ ಮಾತು: "ಸ್ಟೀರಿಂಗ್ ಹಿಂಗೇ ಕಲ್ಲಿನ ಹಾಗೆ ಇದ್ರೆ ನನ್ ಕೈಲಾಗಲ್ಲ. ಗಾಡಿ ಕೊಟ್ಬಿಡಣ."

ನಾವು ಯಾವಾಗಲೂ ಹೋಗೋ ಗ್ಯಾರೇಜಿನ ಮೇಸ್ತ್ರಿ ಇಬ್ಬರ ಮಾತೂ ಕೇಳಿ ನಕ್ಕರು. "ಅದು ಎರಡು ಕೆಲಸ ಅಲ್ಲ ಮಾರಾಯ್ರೆ, ಒಂದೇ. ಸ್ಪ್ರಿಂಗ್ ಮುಟ್ಟಿದ್ರೆ ಸ್ಟೀರಿಂಗ್ ಮುಟ್ಟಿದ ಹಾಗೇ." ಹಳೇ ಜೀಪ್ ಮಾಡಿಫೈ ಮಾಡೋಕೆ ಹೊರಟವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ಮಾತಿದು.

ಲಿಫ್ಟ್‌ನಿಂದ ಏನು ಸಿಗುತ್ತೆ?

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಸಸ್ಪೆನ್ಷನ್ ಎತ್ತಿದರೆ ಚಾಸಿ, ಬಾಡಿ ಮೇಲೆ ಹೋಗುತ್ತೆ. ಆದರೆ ಆಕ್ಸಲ್ ಇದ್ದಲ್ಲೇ ಇರುತ್ತೆ. ದಾರಿ ನಡುವಿನ ಬಂಡೆಗೆ ಮೊದಲು ಬಡಿಯೋದು ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಗುಂಡು ತಾನೇ? ನಾಲ್ಕಿಂಚು ಲಿಫ್ಟ್ ಮಾಡಿದರೂ ಅದರ ಕೆಳಗಿನ ಜಾಗ ಒಂದು ನೂಲಿನಷ್ಟೂ ಹೆಚ್ಚಲ್ಲ. ಅದು ಹೆಚ್ಚಬೇಕಂದ್ರೆ ಟೈರ್ ದೊಡ್ಡದಾಗಬೇಕು. ಟೈರಿನ ವ್ಯಾಸ ಎರಡಿಂಚು ಹೆಚ್ಚಿದರೆ ಆಕ್ಸಲ್ ಒಂದಿಂಚು ಮೇಲೇರುತ್ತೆ. ಲಿಫ್ಟ್‌ನ ನಿಜವಾದ ಉಪಯೋಗ ದೊಡ್ಡ ಟೈರಿಗೆ ಜಾಗ ಮಾಡಿಕೊಡೋದು, ಕಡಿದಾದ ದಿಬ್ಬದಲ್ಲಿ ಗಾಡಿಯ ಮೂತಿ, ಹೊಟ್ಟೆ ತಾಗದ ಹಾಗೆ ನೋಡಿಕೊಳ್ಳೋದು.

ಲೀಫ್ ಸ್ಪ್ರಿಂಗ್ ಗಾಡಿ ಎತ್ತೋಕೆ ಸಾಮಾನ್ಯವಾಗಿ ಮೂರು ದಾರಿ ಇವೆ.

ಉದ್ದ ಶ್ಯಾಕಲ್: ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ತೂಗುಹಾಕೋ ಜೋಡಿ ಪಟ್ಟಿಯೇ ಶ್ಯಾಕಲ್. ಎಲ್ಲಕ್ಕಿಂತ ಅಗ್ಗದ ದಾರಿ ಇದು. ಶ್ಯಾಕಲ್ ಎರಡಿಂಚು ಉದ್ದವಾದರೆ ಗಾಡಿ ಏಳೋದು ಸುಮಾರು ಒಂದಿಂಚು ಮಾತ್ರ, ಯಾಕಂದ್ರೆ ಸ್ಪ್ರಿಂಗ್‌ನ ಇನ್ನೊಂದು ತುದಿ ಇದ್ದಲ್ಲೇ ಇರುತ್ತೆ. ಒಂದೇ ತುದಿ ಇಳಿಯೋದ್ರಿಂದ ಆಕ್ಸಲ್ ಸ್ವಲ್ಪ ಉರುಳಿದ ಹಾಗೆ ಆಗಿ ಕ್ಯಾಸ್ಟರ್ ಕೋನ ಬದಲಾಗುತ್ತೆ. ಮುಂದಿನ ಸ್ಪ್ರಿಂಗ್‌ನ ಶ್ಯಾಕಲ್ ಮುಂಭಾಗದಲ್ಲೇ ಇದ್ದರೆ ಕ್ಯಾಸ್ಟರ್ ಕಡಿಮೆಯಾಗುತ್ತೆ. ತಿರುವಾದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋದು ಈ ಕೋನದಿಂದ. ಅದು ಕಡಿಮೆಯಾದರೆ ಗಾಡಿ ನೇರ ರಸ್ತೆಯಲ್ಲೂ ಅಲೆದಾಡುತ್ತೆ.

ಪ್ಲೇಟ್ ಸೇರಿಸೋದು, ಬಾಗು ಹೆಚ್ಚಿಸೋದು: ಎತ್ತರದ ಜತೆ ಗಡಸುತನವೂ ಬರುತ್ತೆ. ಮೂಟೆ ತುಂಬಿದಾಗ ಚೆನ್ನಾಗಿರುತ್ತೆ. ಖಾಲಿ ಇದ್ದಾಗ ಒಳಗೆ ಕೂತವರ ಬೆನ್ನು ಲೆಕ್ಕ ಕೇಳುತ್ತೆ. ಗಡಸು ಸ್ಪ್ರಿಂಗ್ ಸುಲಭಕ್ಕೆ ಬಾಗದ ಕಾರಣ ಹಳ್ಳ ದಿಣ್ಣೆಯಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತೆ, ಹಿಡಿತ ತಪ್ಪುತ್ತೆ.

ಆಕ್ಸಲ್ ಮೇಲೆ ಸ್ಪ್ರಿಂಗ್: ಸ್ಪ್ರಿಂಗ್ ಆಕ್ಸಲ್‌ನ ಅಡಿಯಲ್ಲಿರೋ ಗಾಡಿಗಳಲ್ಲಿ ಅದನ್ನು ಮೇಲಕ್ಕೆ ತಂದು ಕೂರಿಸೋದು. ಆಕ್ಸಲ್ ಕೊಳವೆಯ ದಪ್ಪ, ಪ್ಲೇಟ್ ಕಟ್ಟಿನ ದಪ್ಪ ಎರಡೂ ಸೇರಿ ಐದಿಂಚಿನ ಆಸುಪಾಸು ಎತ್ತರ ಒಮ್ಮೆಗೇ ಸಿಗುತ್ತೆ. ಫೋಟೋದಲ್ಲಿ ಮಸ್ತಾಗಿ ಕಾಣುತ್ತೆ. ಆದರೆ ಬ್ರೇಕ್ ಹೋಸ್ ಉದ್ದ ಸಾಲದಾಗುತ್ತೆ, ಪ್ರೊಪೆಲ್ಲರ್ ಶಾಫ್ಟ್ ಕೋನ ಕೆಡುತ್ತೆ, ಸ್ಟೀರಿಂಗ್ ಜೋಡಣೆಯನ್ನ ಪೂರ್ತಿ ಹೊಸದಾಗಿ ಯೋಚಿಸಬೇಕಾಗುತ್ತೆ.

ಹಳ್ಳಕ್ಕೆ ಬಿದ್ದಾಗ ಗಾಡಿ ತಾನೇ ತಿರುಗೋದು ಯಾಕೆ?

ಸ್ಟೀರಿಂಗ್ ಬಾಕ್ಸ್ ಕೂತಿರೋದು ಚಾಸಿ ಮೇಲೆ. ಚಕ್ರ ಇರೋದು ಆಕ್ಸಲ್‌ನಲ್ಲಿ. ಇವೆರಡರ ನಡುವಿನ ಸೇತುವೆಯೇ ಡ್ರ್ಯಾಗ್ ಲಿಂಕ್ ಅನ್ನೋ ಸರಳು. ಆಕ್ಸಲ್ ಮೇಲೆ ಕೆಳಗೆ ಆಡಿದ ಹಾಗೆಲ್ಲ ಈ ಸರಳಿನ ಒಂದು ತುದಿ ಅದರ ಜತೆ ಆಡಬೇಕು, ಇನ್ನೊಂದು ತುದಿ ನಿಂತಲ್ಲೇ ನಿಲ್ಲಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಸರಳು 60 ಸೆಂ.ಮೀ. ಉದ್ದ ಇದೆ, ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿದೆ ಅಂದ್ಕೊಳ್ಳಿ. ಚಕ್ರ 5 ಸೆಂ.ಮೀ. ಮೇಲೆ ಎದ್ದರೆ ಸರಳಿನ ತುದಿ ಅಡ್ಡಕ್ಕೆ ಸರಿಯೋದು ಬರೀ 2 ಮಿ.ಮೀ. ನಿಮಗೆ ಗೊತ್ತೂ ಆಗಲ್ಲ. ಈಗ ಗಾಡಿಯನ್ನ 10 ಸೆಂ.ಮೀ., ಅಂದ್ರೆ ನಾಲ್ಕಿಂಚು ಎತ್ತಿ. ಸರಳು ಇಳಿಜಾರಾಗಿ ನಿಲ್ಲುತ್ತೆ. ಅದೇ ಚಕ್ರ 5 ಸೆಂ.ಮೀ. ಮೇಲೆ ಎದ್ದರೆ ತುದಿ 6 ಮಿ.ಮೀ. ಸರಿಯುತ್ತೆ, 5 ಸೆಂ.ಮೀ. ಹಳ್ಳಕ್ಕೆ ಇಳಿದರೆ 1 ಸೆಂ.ಮೀ.ಗೂ ಹೆಚ್ಚು. ಚಕ್ರ ತಿರುಗಿಸೋ ಆರ್ಮ್ 15 ಸೆಂ.ಮೀ. ಇದ್ದರೆ, ಆ 1 ಸೆಂ.ಮೀ. ಅಂದ್ರೆ ಚಕ್ರ ಸುಮಾರು 4 ಡಿಗ್ರಿ ತಿರುಗಿದಂತೆ. ನೀವು ಸ್ಟೀರಿಂಗ್ ಅಲ್ಲಾಡಿಸಿಲ್ಲ, ಗಾಡಿ ಮಾತ್ರ ಪಕ್ಕಕ್ಕೆ ಎಳೆಯುತ್ತೆ. ಇದಕ್ಕೆ ಬಂಪ್ ಸ್ಟೀರ್ ಅಂತಾರೆ. ತೋಟದ ದಾರಿಯಲ್ಲಿ 10 ಕಿ.ಮೀ. ವೇಗದಲ್ಲಿ ಇದು ತಮಾಷೆ ಅನ್ನಿಸಬಹುದು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ತಮಾಷೆ ಅಲ್ಲ.

ಡ್ರಾಪ್ ಆರ್ಮ್ ಬದಲಿಸಿಯೋ, ಡ್ರ್ಯಾಗ್ ಲಿಂಕ್ ಕೂರೋ ಜಾಗವನ್ನ ಮೇಲೆ ತಂದೋ ಸರಳನ್ನ ಮತ್ತೆ ಸಮಾನಾಂತರಕ್ಕೆ ತರೋದು ಇದಕ್ಕಿರೋ ಸರಿಯಾದ ಪರಿಹಾರ. ಸ್ಟೀರಿಂಗ್ ಆರ್ಮ್ ಕಾಯಿಸಿ ಬಗ್ಗಿಸಿ ಕೊಡ್ತೀವಿ, ಕಟ್ ಮಾಡಿ ವೆಲ್ಡ್ ಮಾಡ್ತೀವಿ ಅಂದವರ ಹತ್ತಿರ ಗಾಡಿ ಬಿಡಲೇಬೇಡಿ. ಸ್ಟೀರಿಂಗ್‌ನ ಭಾಗ ಮುರಿದರೆ ಎರಡನೇ ಅವಕಾಶ ಇರಲ್ಲ.

ಎತ್ತರ ಮತ್ತು ಪಲ್ಟಿ

ಗಾಡಿ ಪಕ್ಕಕ್ಕೆ ಮಗುಚದೆ ನಿಲ್ಲೋ ಶಕ್ತಿಯನ್ನ ಅಂದಾಜು ಮಾಡೋಕೆ ಒಂದು ಸರಳ ಸೂತ್ರ ಇದೆ: ಎಡ ಬಲ ಚಕ್ರಗಳ ಅಂತರದ ಅರ್ಧವನ್ನು, ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸೋದು. ಉದಾಹರಣೆಗೆ ಅಂತರ 130 ಸೆಂ.ಮೀ., ಕೇಂದ್ರದ ಎತ್ತರ 70 ಸೆಂ.ಮೀ. ಆದರೆ 65ನ್ನು 70ರಿಂದ ಭಾಗಿಸಿದಾಗ 0.93. ಕೇಂದ್ರ 10 ಸೆಂ.ಮೀ. ಮೇಲೇರಿದರೆ 0.81. ನಿಂತ ಗಾಡಿ ಮಗುಚೋ ಇಳಿಜಾರಿನ ಲೆಕ್ಕದಲ್ಲಿ ಹೇಳೋದಾದ್ರೆ 43 ಡಿಗ್ರಿಯಿಂದ 39ಕ್ಕೆ ಇಳಿದಂತೆ. ಹಿಂದೆ 50 ಕೆಜಿಯ ಕಾಫಿ ಮೂಟೆ ಎತ್ತರಕ್ಕೆ ಪೇರಿಸಿದರೆ, ಜನ ನಿಂತಿದ್ದರೆ ಇನ್ನೂ ಕಡಿಮೆ. ಸ್ಪ್ರಿಂಗ್, ಟೈರ್ ಬಾಗೋದು, ಗಾಡಿ ಓಡುತ್ತಿರೋದು ಇದೆಲ್ಲ ಸೇರಿದರೆ ಮತ್ತೂ ಕಡಿಮೆ.

ನಾನು ಈ ಲೆಕ್ಕವನ್ನ ತಮ್ಮನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, "ಕೆಲಸದವರು ಹಿಂದೆ ನಿಂತ್ಕೊಂಡೇ ಬರ್ತಾರಲ್ಲ" ಅಂದ. ಲಿಫ್ಟ್ ಮಾತು ಅಲ್ಲಿಗೆ ನಿಂತಿತು.

ಸ್ಟೀರಿಂಗ್ ಭಾರ ಎಲ್ಲಿಂದ ಬಂತು?

ಚಿಕ್ಕಪ್ಪನ ಪ್ರಶ್ನೆಗೆ ನಾವೆಲ್ಲ ಅಂದುಕೊಂಡಿದ್ದ ಉತ್ತರ ಪವರ್ ಸ್ಟೀರಿಂಗ್. ಮೇಸ್ತ್ರಿ ಮೊದಲು ಗಾಡಿಯ ಮುಂಭಾಗ ಜಾಕಿ ಹಾಕಿ ಎತ್ತಿಸಿ, ಸ್ಟ್ಯಾಂಡ್ ಕೊಟ್ಟರು. ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಹಾಗೆ ಅಲ್ಲಾಡಿದರೆ ವೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್ ಸವೆದಿದೆ ಅಂತ ಅರ್ಥ. ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿದರು. ಅದಕ್ಕೆ ಸಿಕ್ಕರೆ ಟೈ ರಾಡ್ ಎಂಡ್ ಕಡೆ ಅನುಮಾನ. ನಂತರ ಗಾಡಿ ಇಳಿಸಿ, ನನ್ನನ್ನ ಒಳಗೆ ಕೂರಿಸಿ ಸ್ಟೀರಿಂಗನ್ನ ಸ್ವಲ್ಪ ಸ್ವಲ್ಪವೇ ಎಡಕ್ಕೆ ಬಲಕ್ಕೆ ಆಡಿಸೋಕೆ ಹೇಳಿ ತಾವು ಕೆಳಗೆ ಮಲಗಿದರು. ಯಾವ ಜಾಯಿಂಟ್‌ನಲ್ಲಿ ಅಲುಗಾಟ ಸಾಯುತ್ತೆ ಅಂತ ಅಲ್ಲಿ ಕಣ್ಣಿಗೇ ಕಾಣುತ್ತೆ.

ನಮ್ಮ ಗಾಡಿಯಲ್ಲಿ ಕಿಂಗ್‌ಪಿನ್ ಬೇರಿಂಗ್ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಒಂದು ಗ್ರೀಸ್ ನಿಪ್ಪಲ್ ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ಮುಂದಿನ ಟೈರುಗಳಲ್ಲಿ ಗಾಳಿ ಒಂದೊಂದು ಥರ. ಸ್ಪ್ರಿಂಗ್ ಪ್ಲೇಟ್‌ಗಳು ಕೂತುಹೋಗಿ, ಬುಷ್ ಸವೆದು, ಆಕ್ಸಲ್ ಒಂದು ಬದಿಗೆ ಚೂರು ಹಿಂದೆ ಸರಿದಿತ್ತು. ಇಷ್ಟರ ಮೇಲೆ ಪವರ್ ಸ್ಟೀರಿಂಗ್ ಕೂರಿಸಿದ್ದರೆ ಭಾರ ಕೈಗೆ ಗೊತ್ತಾಗ್ತಿರಲಿಲ್ಲ, ಸವೆತ ಮಾತ್ರ ಒಳಗೇ ಬೆಳೀತಿತ್ತು.

ಕಿಂಗ್‌ಪಿನ್ ಬೇರಿಂಗ್ ಹಾಕೋದ್ರಲ್ಲಿ ಒಂದು ಸೂಕ್ಷ್ಮ ಇದೆ. ತೆಳುವಾದ ಶಿಮ್‌ಗಳನ್ನ ಸೇರಿಸಿ ತೆಗೆದು ಬಿಗಿ ಹೊಂದಿಸಬೇಕು, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೀಬೇಕು. ಹೆಚ್ಚು ಬಿಗಿಯಾದರೆ ಸ್ಟೀರಿಂಗ್ ಭಾರ. ಸಡಿಲವಾದರೆ ಒಂದು ಹಳ್ಳ ದಾಟಿದ ತಕ್ಷಣ ಮುಂದಿನ ಎರಡೂ ಚಕ್ರ ಗಡಗಡ ನಡುಗೋಕೆ ಶುರು. ಈ ನಡುಕಕ್ಕೆ ಸ್ಟೀರಿಂಗ್ ಡ್ಯಾಂಪರ್ ಹಾಕಿ ಸುಮ್ಮನಾಗೋರು ಇದಾರೆ. ಜ್ವರಕ್ಕೆ ಕಾರಣ ಹುಡುಕದೆ ಬರೀ ಮಾತ್ರೆ ನುಂಗಿದ ಹಾಗೆ ಅದು.

ಪವರ್ ಸ್ಟೀರಿಂಗ್ ಬೇಡವೇ ಬೇಡವಾ?

ಹಾಗೇನಿಲ್ಲ. ಇಂಜಿನ್ನಿನ ಬೆಲ್ಟ್‌ನಿಂದ ತಿರುಗೋ ಪಂಪು ಎಣ್ಣೆಯ ಒತ್ತಡ ಕೊಟ್ಟು, ಬಾಕ್ಸ್‌ನೊಳಗೆ ನಿಮ್ಮ ಕೈಬಲಕ್ಕೆ ಜತೆಯಾಗುತ್ತೆ. ಕಲ್ಲುಗಳ ನಡುವೆ ತಿರುಗಿಸುವಾಗ ಬಹಳ ಆರಾಮ. ಆದರೆ ಆ ಬಲವೆಲ್ಲ ಬಾಕ್ಸ್ ಕೂತಿರೋ ಚಾಸಿ ತುಂಡಿನ ಮೇಲೆ ಬೀಳುತ್ತೆ. ತುಕ್ಕು ಹಿಡಿದ ಹಳೇ ಚಾಸಿಗೆ ಸರಿಯಾದ ಬಲಪಟ್ಟಿ ಕೊಡದೆ ಬೋಲ್ಟ್ ಬಿಗಿದರೆ ಆ ಜಾಗ ಬಿರುಕು ಬಿಡುತ್ತೆ. ಬಿರುಕು ಗ್ರೀಸ್, ಮಣ್ಣಿನಡಿ ಅಡಗಿರುತ್ತೆ, ಕಾಣಿಸಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. 15 ವರ್ಷ ದಾಟಿದ ಖಾಸಗಿ ಗಾಡಿಯನ್ನ 5 ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಲೇಬೇಕು. ಅಪಘಾತವಾದರೆ ವಿಮೆಯವರೂ ಇದನ್ನೇ ಹಿಡಿದು ತಕರಾರು ತೆಗೀಬಹುದು. ಹಾಗಾಗಿ ಸ್ಪಾನರ್ ಹಿಡಿಯೋ ಮೊದಲು ಆರ್‌ಟಿಓ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳೋದು ಕ್ಷೇಮ.

ನಾವು ಮಾಡಿಸಿದ್ದು

ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಎಂಡ್ ಹೊಸದು. ಸ್ಪ್ರಿಂಗ್ ಬಿಚ್ಚಿ ಮುರಿದ ಪ್ಲೇಟ್ ಬದಲಿಸಿ, ಕಂಪನಿ ಕೊಟ್ಟಿದ್ದ ಬಾಗಿಗೆ ವಾಪಸ್ ತರಿಸಿದ್ವಿ. ಬುಷ್, ಯು ಬೋಲ್ಟ್, ಶಾಕ್ ಅಬ್ಸಾರ್ಬರ್ ಹೊಸದು. ಟೈರ್ ಮೊದಲಿನ ಅಳತೆಯದ್ದೇ, ಹಿಡಿತ ಮಾತ್ರ ಒರಟು ರಸ್ತೆಗೆ ಹೊಂದೋದು. ದೊಡ್ಡ ಟೈರುಗಳ ಒಂದು ಸೆಟ್‌ಗೆ ಆಗ್ತಿದ್ದ ಖರ್ಚಿಗಿಂತ ಇದೆಲ್ಲ ಕಡಿಮೆಗೇ ಮುಗೀತು. ತಮಾಷೆ ಅಂದ್ರೆ, ಕೂತುಹೋಗಿದ್ದ ಸ್ಪ್ರಿಂಗ್ ಸರಿಯಾದ ಮೇಲೆ ಗಾಡಿ ಒಂದಿಂಚಿಗೂ ಹೆಚ್ಚು ತಾನೇ ಎದ್ದು ನಿಂತಿತ್ತು. ತಮ್ಮ ಅಷ್ಟಕ್ಕೇ ಫೋಟೋ ತೆಗೆದು ಸ್ಟೇಟಸ್ ಹಾಕಿದ.

ಚಿಕ್ಕಪ್ಪ ಮೊದಲ ದಿನ ತೋಟದ ಕೊನೆಯ ತಿರುವಿನವರೆಗೆ ಒಬ್ಬರೇ ಹೋಗಿ ಬಂದರು. "ನಿಂತಲ್ಲಿ ತಿರುಗಿಸಿದ್ರೆ ಈಗ್ಲೂ ಭಾರನೇ. ಗಾಡಿ ಉರುಳ್ತಾ ಇದ್ರೆ ಸಲೀಸು" ಅಂದರು. ಭುಜಕ್ಕೆ ಫಿಸಿಯೋಥೆರಪಿ ನಡೀತಿದೆ. ಪವರ್ ಸ್ಟೀರಿಂಗ್ ಬಗ್ಗೆ ಆರ್‌ಟಿಓಗೆ ಕೊಟ್ಟ ಅರ್ಜಿಗೆ ಉತ್ತರ ಬರಬೇಕು. ಗಾಡಿ ಮಾರೋ ಮಾತು ಸದ್ಯಕ್ಕಂತೂ ಯಾರೂ ಎತ್ತಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಜೀಪ್ ಇದ್ದರೆ

- ಟೈರಿನ ಗಾಳಿ, ಗ್ರೀಸ್, ಬುಷ್, ಕಿಂಗ್‌ಪಿನ್, ಟೈ ರಾಡ್ ಎಂಡ್ ನೋಡಿಸಿದ ಮೇಲಷ್ಟೇ ಮಾಡಿಫಿಕೇಶನ್ ಯೋಚನೆ ಮಾಡಿ.
- ಸ್ಪ್ರಿಂಗ್ ಬಿಚ್ಚಿದರೆ ಯು ಬೋಲ್ಟ್ ಹೊಸದೇ ಹಾಕಿಸಿ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ.
- ಎತ್ತರ ಒಂದಿಂಚು ಬದಲಾದರೂ ಡ್ರ್ಯಾಗ್ ಲಿಂಕ್ ಕೋನ, ಕ್ಯಾಸ್ಟರ್, ಬ್ರೇಕ್ ಹೋಸ್ ಮೂರನ್ನೂ ಅಳೆಸಿ.
- ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಇಲ್ಲದೆ ಬೇಡವೇ ಬೇಡ.
- ಕೆಲಸ ಮುಗಿದ ಮೇಲೆ ಮೊದಲ ಓಡಾಟ ಖಾಲಿ ಗಾಡಿಯಲ್ಲಿ, ಹಗಲು ಹೊತ್ತಲ್ಲಿ, ಸಮತಟ್ಟು ರಸ್ತೆಯಲ್ಲಿ. ಜನರನ್ನ ಹತ್ತಿಸೋದು ಆಮೇಲೆ.